ತೂತಿನ ಕೆಲಸ

ನಮ್ಮ ಶಿಡ್ಲಘಟ್ಟದಲ್ಲಿ ತೂತೆಂದರೆ ನಷ್ಟ.
ಒಂದೆರಡು ದಿನ ತಡವಾಯಿತೋ,
ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂರಿಕೊಂಡು ಬರುತ್ತದೆ.
ಎಳೆಯೆಲ್ಲ ತುಂಡು,
ಮೂಟೆಗೆ ಮೂಟೆಯೇ ಕಸದ ಲೆಕ್ಕ.
ಅಂಥ ಊರಿಗೆ ತೂತು ಕೊರೆಯುವ ಮಿಷನ್ನು ತಂದವಳು ನಾನು.

ಐಟಿಐ ಹರಾಜಿನಲ್ಲಿ ಅದಕ್ಕೆ ಕೂಗಿದ್ದು ಇಬ್ಬರೇ.
ಗುಜರಿಯ ಅಮಾನುಲ್ಲ ಕಿಲೋ ಲೆಕ್ಕದಲ್ಲಿ ಕೂಗಿದ,
ನಾನು ಇನ್ನೂರು ರೂಪಾಯಿ ಮೇಲೆ ಹೋದೆ.
"ಅಕ್ಕಾ, ಕಬ್ಬಿಣಕ್ಕಿಂತ ತುಕ್ಕೇ ಜಾಸ್ತಿ" ಅಂದ,
ಅಂದವನೇ ಟೆಂಪೋಗೆ ಏರಿಸಲು ಹೆಗಲೂ ಕೊಟ್ಟ.

ಟರ್ನರ್ ಓದಿ, ಹನ್ನೊಂದು ವರ್ಷ
ಬಿಚ್ಚಣಿಕೆ ಘಟಕದಲ್ಲಿ ಲೆಕ್ಕ ಬರೆದ ಕೈ.
ಸ್ಪ್ಯಾನರ್ ಹಿಡಿದ ಮೊದಲ ದಿನ ಅಂಗೈ ನಾಚಿಕೊಂಡಿತು.
ಬೇರಿಂಗ್ ಬಿಚ್ಚಿದರೆ ಒಳಗಿದ್ದದ್ದು ಗ್ರೀಸಲ್ಲ,
ಎಂದೋ ಒಲೆಯ ಮೇಲೆ ಮರೆತ ಬೆಲ್ಲದ ಪಾಕ.
ಸೀಮೆಎಣ್ಣೆ, ಹಳೇ ಬನಿಯನ್ನು, ಹಲ್ಲುಜ್ಜುವ ಬ್ರಷ್ಷು.
ಬಿಗಿದುಕೊಂಡ ಚಕ್ಕನ್ನು ಹುಣಸೆರಸದಲ್ಲಿ
ಎರಡು ರಾತ್ರಿ ನೆನೆಹಾಕಿದೆ.
ಅತ್ತೆ ಮುಚ್ಚಳ ತೆಗೆದು ನೋಡಿ,
"ಯಾರಿಗಮ್ಮಾ ಈ ಸಾರು?"

ಬೂದುಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು.
ಅದರ ದುಂಡು ಹಾಸಿನ ಮೇಲೆ, ಎಲ್ಲದರ ಕೆಳಗೆ, ಕುಳಿಗಳು.
ಎಣಿಸಿದೆ. ಹತ್ತೊಂಬತ್ತು.
ಅಡಿಗೆ ಮರದ ತುಂಡು ಇಡಲು ಮರೆತವರ ಹತ್ತೊಂಬತ್ತು ಕ್ಷಣ.
ಅದರಲ್ಲೊಂದು ನನ್ನದಿರಬೇಕು.
"ತುಂಡು ಎಲ್ಲೇ? ನಿಮ್ಮಪ್ಪನ ಹೊಲವೇನೇ ಇದು, ಕೊರೆಯೋಕೆ?"
ಪುಟ್ಟಸಿದ್ದಯ್ಯ ಮೇಷ್ಟ್ರ ಕೂಗು ಇನ್ನೂ ಕಿವಿಯಲ್ಲಿದೆ.
ಬೆರಳಿಟ್ಟು ಇಟ್ಟು ನೋಡಿದೆ, ಯಾವುದೆಂದು ತಿಳಿಯಲಿಲ್ಲ.
ತೂತಿಗೆ ರುಜು ಇರುವುದಿಲ್ಲ.

ಇಷ್ಟು ಭಾರ ಹೊರಲು ಮೇಜು ಬೇಕಲ್ಲ?
ದಿಬ್ಬೂರಹಳ್ಳಿ ರಸ್ತೆ ಅಗಲ ಮಾಡುವಾಗ ಉರುಳಿಸಿದ ಹುಣಸೆ,
ಅಶ್ವತ್ಥಾಚಾರ್ ಹಿತ್ತಲಲ್ಲಿ ನಾಲ್ಕು ವರ್ಷ ನೆರಳುಂಡು ಒಣಗಿತ್ತು.
ಕಪ್ಪು ತಿರುಳು, ಗರಗಸದ ಹಲ್ಲು ಮುರಿಯುವ ಹಟ.
ಮಿಲ್ಲಿನವನು ಮುಟ್ಟಲಿಲ್ಲ: "ಹುಣಸೇಲಿ ದೆವ್ವ ಇರ್ತವೆ."
"ಇರ್ಲಿ ಬಿಡು," ಅಂದರು ಆಚಾರ್ರು,
"ಮೇಜು ಅಲುಗದ ಹಂಗೆ ಹಿಡ್ಕೋತವೆ."

ಮೊಳೆ ಇಲ್ಲ. ಕಾಲಿಗೆ ನಾಲಿಗೆ, ಹಲಗೆಗೆ ಬಾಯಿ,
ನಡುವೆ ಜಾಲಿಯ ಗೂಟ.
ಗೂಟಕ್ಕೆ ತೂತು ಬೇಕು, ತೂತಿಗೆ ಮಿಷನ್ನು,
ಮಿಷನ್ನು ನಿಲ್ಲಲು ಮೇಜು.
ನಾನು ತಲೆ ಕೆರೆದುಕೊಂಡು ನಿಂತಿದ್ದರೆ
ಅವರು ತಾತನ ಹಗ್ಗದ ಬೈರಿಗೆ ತೆಗೆದು
ಸರಕ್ ಸರಕ್ಕೆಂದು ಎಳೆಯತೊಡಗಿದ್ದರು.

ಸಮ ನೋಡುವ ಅವರ ದಾರ ನನ್ನ ಕಣ್ಣಿಗೆ ಹಗ್ಗ.
ಐದು ಗೂಡಿನ ಎಳೆ ಸೇರಿಸಿ ತಂದು
ಮೂಲೆಯಿಂದ ಮೂಲೆಗೆ ಬಿಗಿದು ಕಟ್ಟಿದೆ.
ನಡುವೆ, ಎಳೆಯ ಕೆಳಗೆ, ಒಂದು ಬೆಳಕಿನ ಕೂದಲು.
ಆಚಾರ್ರು ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು,
ಬಾಯಲ್ಲೇನೋ ಗೊಣಗಿ
ಸುತ್ತಲಿನದನ್ನೆಲ್ಲ ಮತ್ತೊಂದು ದಿನ ತೋಪಡ ಹೊಡೆದರು.

ಆರು ಜನ ಎತ್ತಿ ಇಟ್ಟ ಮೇಲೆ
ಹೊಸ ಬೆಲ್ಟು ಹಾಕಿ ಸ್ವಿಚ್ಚು ಒತ್ತಿದೆ.
ಗುಂಯ್ ಎಂದಿತು, ಅಷ್ಟೇ.
ಮೇಜಿನ ಮೇಲಿದ್ದ ಆಚಾರ್ರ ಟೀ ಲೋಟದಲ್ಲಿ
ಕೆನೆ ಕೂಡ ಕದಲಲಿಲ್ಲ.

ರಾತ್ರಿ ಒಂಬತ್ತಕ್ಕೆ ಜಬೀವುಲ್ಲ ಓಡಿಬಂದ,
ಕೈಯಲ್ಲಿ ರಾಟೆಯ ಮುರಿದ ಬ್ರಾಕೆಟ್ಟು, ಹೊಸ ಪಟ್ಟಿ.
"ಗೂಡು ಇನ್ನೂ ಆವಿಗೆ ಹಾಕಿಲ್ಲ, ಬೇಗ ಅಕ್ಕಾ!"
ಗುರುತು ಹಾಕಿದೆ, ಹಿಡಿ ಎಳೆದೆ.
ಸುರುಳಿ ಸುರುಳಿಯಾಗಿ ಬಿಸಿ ಕಬ್ಬಿಣ
ನೂಲಿನಂತೆ ಬಿಚ್ಚಿಕೊಂಡು ಬಂತು,
ನೋಡುತ್ತಲೇ ಉಳಿದೆ,
ಬಿಟ್ಟು ಪಟ್ಟಿ ದಾಟಿ ಕೆಳಗಿನ ಹಾಸಿಗೆ ಕಚಕ್ಕನೆ ಕಚ್ಚುವ ತನಕ.

ಇಪ್ಪತ್ತು.

ಜಬೀವುಲ್ಲ ಬಿಸಿ ಪಟ್ಟಿಯನ್ನು ಲುಂಗಿಯ ತುದಿಯಲ್ಲಿ ಹಿಡಿದು,
"ಒಂದು ತೂತಿಗೆ ಎಷ್ಟು?" ಎಂದು ಕೇಳಿದ.
ಅದನ್ನು ನಾನಿನ್ನೂ ಯೋಚಿಸಿರಲಿಲ್ಲ.